ಮೇಲಿನ ಪೆಟ್ಟಿಗೆಯ ಹಾವಿಗೆ ಸೆಕೆ ಜಾಸ್ತಿ ಯಾಕೆ?

ಶುರುವಿಗೆ ಒಂದು ಪ್ರಶ್ನೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂಡುಬಿದಿರೆಯ ಹಳೇ ಹಂಚಿನ ಮನೆಯ ಅಟ್ಟಕ್ಕೆ ಯಾವತ್ತಾದ್ರೂ ಹತ್ತಿದ್ದೀರಾ? ಕೆಳಗೆ ಚಾವಡಿಯ ಕಾವಿ ನೆಲದ ಮೇಲೆ ಮಲಗಿದ್ರೆ ಹಾಯಾಗಿರುತ್ತೆ. ಏಣಿ ಹತ್ತಿ ಮೇಲೆ ಹೋದ್ರೆ ಎರಡೇ ನಿಮಿಷಕ್ಕೆ ಅಂಗಿ ಒದ್ದೆ. ಒಂದೇ ಮನೆ, ಒಂದೇ ಹೊತ್ತು, ಮಧ್ಯೆ ಏಳೆಂಟು ಅಡಿ ಅಷ್ಟೇ. ನಮಗೆ ಸೆಕೆ ತಡೀಲಿಕ್ಕೆ ಆಗದಿದ್ರೆ ಇಳಿದು ಬರ್ತೇವೆ. ಅದೇ ಅಟ್ಟದಲ್ಲಿ ಒಂದು ಪ್ರಾಣಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ರೆ?

ಇವತ್ತಿನ ವಿಷಯ ಅದೇ. ಬಾಲ್ ಪೈಥಾನ್, ಕಾರ್ನ್ ಸ್ನೇಕ್, ಬಿಯರ್ಡೆಡ್ ಡ್ರ್ಯಾಗನ್ ಥರದ ವಿದೇಶಿ ಸರೀಸೃಪಗಳನ್ನು ಸಾಕೋರು ಜಾಗ ಉಳಿಸೋದಕ್ಕೆ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಜೋಡಿಸ್ತಾರೆ. ಆಗ ಕೆಳಗಿನ ಪೆಟ್ಟಿಗೆಯ ಬಿಸಿ ಮೇಲಿನವರ ತಲೆನೋವಾಗುತ್ತೆ.

ಮುಂದೆ ಹೋಗೋ ಮೊದಲು ಕಾನೂನಿನ ಮಾತು, ಎರಡೇ ವಾಕ್ಯ. ನಾಗರಹಾವು, ಕೇರೆಹಾವು, ಹೆಬ್ಬಾವು, ನಕ್ಷತ್ರ ಆಮೆ ಇಂಥ ನಮ್ಮ ಕಾಡಿನ ಪ್ರಾಣಿಗಳನ್ನು ಮನೇಲಿ ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ, ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇರೋ ವಿದೇಶಿ ಜೀವಿಗಳನ್ನು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು. ನಾವಿವತ್ತು ಮಾತಾಡೋದು ಕಾನೂನಿನೊಳಗೆ ಸಾಕಿರೋ ಪ್ರಾಣಿಗಳ ಬಗ್ಗೆ ಮಾತ್ರ.

ಸರಿ. ಹಾವಿಗೆ ಬಿಸಿ ಯಾಕೆ ಬೇಕು? ನಮ್ಮ ದೇಹ ಒಳಗಿಂದಲೇ 37 ಡಿಗ್ರಿ ಕಾಪಾಡಿಕೊಳ್ಳುತ್ತೆ. ಹಾವು, ಹಲ್ಲಿಗಳಿಗೆ ಆ ವ್ಯವಸ್ಥೆ ಇಲ್ಲ. ಅವು ಜಾಗ ಬದಲಾಯಿಸಿ ದೇಹದ ಬಿಸಿಯನ್ನು ಸರಿಮಾಡಿಕೊಳ್ತವೆ. ತಿಂದದ್ದು ಜೀರ್ಣ ಆಗ್ಬೇಕಾದ್ರೆ ಬಿಸಿಲಿಗೆ ಬರ್ತವೆ, ಸಾಕಾದ್ರೆ ನೆರಳಿಗೆ ಸರೀತವೆ.

ನಮ್ಮ ಬೆಳ್ತಂಗಡಿ, ಬಂಟ್ವಾಳದ ತೋಟದ ಬದಿಯಲ್ಲಿರೋ ಹುತ್ತ ನೋಡಿ. ಮೇಲ್ಭಾಗ ಬಿಸಿಲಿಗೆ ಕಾಯುತ್ತೆ. ಆಳಕ್ಕೆ ಹೋದಷ್ಟೂ ಹಗಲು ರಾತ್ರಿ ಹೆಚ್ಚು ಬದಲಾಗದ ತಂಪು. ಅದೂ ಒಂಥರಾ ಬಹುಮಹಡಿ ಕಟ್ಟಡವೇ, ಆದ್ರೆ ಮಹಡಿಗಳ ಮಧ್ಯೆ ಬಾಗಿಲಿಲ್ಲ. ಹಾವು ತನಗೆ ಬೇಕಾದ ಮಹಡಿಗೆ ಹೋಗುತ್ತೆ. ನಾವು ಮಾಡೋ ರ‍್ಯಾಕ್‌ನಲ್ಲೂ ಮಹಡಿಗಳಿವೆ, ಆದ್ರೆ ಪ್ರತಿ ಮಹಡಿಗೂ ಬೀಗ. ಹಾಗಾಗಿ ಹುತ್ತದೊಳಗೆ ಸಿಗೋ ಆಯ್ಕೆಯನ್ನು ಪ್ರತಿಯೊಂದು ಪೆಟ್ಟಿಗೆಯ ಒಳಗೂ ನಾವೇ ಮಾಡಿಕೊಡ್ಬೇಕು. ಒಂದು ತುದಿ ಬಿಸಿ, ಇನ್ನೊಂದು ತುದಿ ತಂಪು. ಬಾಲ್ ಪೈಥಾನ್‌ಗೆ ಬಿಸಿ ತುದಿ ಸುಮಾರು 31ರಿಂದ 33 ಡಿಗ್ರಿ, ತಂಪು ತುದಿ 25ರಿಂದ 27 ಇದ್ರೆ ಒಳ್ಳೇದು. ನಾವು ಕಾಪಾಡ್ಬೇಕಾದದ್ದು ಆ ವ್ಯತ್ಯಾಸವನ್ನು.

ಒಂದರ ಮೇಲೊಂದು ಇಟ್ಟಾಗ ಈ ವ್ಯತ್ಯಾಸ ಮೂರು ದಾರಿಯಲ್ಲಿ ಹಾಳಾಗುತ್ತೆ. ಒಂದು, ಕೆಳಗಿನ ಪೆಟ್ಟಿಗೆಯ ಚಾವಣಿಗೆ ಹಾಕಿದ ಬಲ್ಬ್ ಮೇಲಿನ ಪೆಟ್ಟಿಗೆಯ ನೆಲವನ್ನೂ ಕಾಯಿಸುತ್ತೆ. ಎರಡು, ಬಿಸಿ ಗಾಳಿ ಮೇಲಕ್ಕೇರಿ ರ‍್ಯಾಕ್‌ನ ತುದಿಯಲ್ಲಿ ನಿಲ್ಲುತ್ತೆ. ಮೂರು, ಮೇಲೆ ಕಾಂಕ್ರೀಟ್ ಚಾವಣಿ ಇದ್ರೆ ಅದು ಹಗಲಿಡೀ ಕಾದು ರಾತ್ರಿ ಹತ್ತು ಗಂಟೆಗೂ ಬಿಸಿ ಬಿಡ್ತಾ ಇರುತ್ತೆ.

"ಥರ್ಮೋಸ್ಟಾಟ್ ಇದೆಯಲ್ಲ ಮಾರಾಯ್ರೆ" ಅಂತೀರಾ? ಥರ್ಮೋಸ್ಟಾಟ್ ತನ್ನ ಹೀಟರನ್ನು ಆಫ್ ಮಾಡಬಹುದು, ಅಷ್ಟೇ. ಕೆಳಗಿನ ಪೆಟ್ಟಿಗೆಯ ಹೀಟರ್ ಅದರ ಮಾತು ಕೇಳೋದಿಲ್ಲ. ಕೋಣೆಯನ್ನು ತಂಪು ಮಾಡೋದಕ್ಕೂ ಅದಕ್ಕೆ ಬರೋದಿಲ್ಲ.

ಇಲ್ಲೇ ನಮ್ಮೂರಿನ ಸಮಸ್ಯೆ ಬೇರೆಯಾಗೋದು. ಯೂಟ್ಯೂಬ್‌ನಲ್ಲಿ ನೀವು ನೋಡೋ ವಿಡಿಯೋಗಳು ಹೆಚ್ಚಾಗಿ ಚಳಿದೇಶದವು. ಅಲ್ಲಿ ಕೋಣೆ 20 ಡಿಗ್ರಿ ಇರುತ್ತೆ, ಅವರ ಪ್ರಶ್ನೆ "ಬಿಸಿ ಹೇಗೆ ಕೊಡೋದು" ಅಂತ. ಮೂಡುಬಿದಿರೆಯಲ್ಲಿ ಏಪ್ರಿಲ್ ಮಧ್ಯಾಹ್ನ 33, 34 ಡಿಗ್ರಿ ಮಾಮೂಲು. ಅಂದ್ರೆ ಬಲ್ಬ್ ಹಾಕೋ ಮೊದಲೇ ಇಡೀ ಪೆಟ್ಟಿಗೆ ಬಿಸಿ ತುದಿ ಆಗಿಬಿಟ್ಟಿದೆ. ತಂಪು ತುದಿ ಎಲ್ಲಿದೆ? ಹೊತ್ತುಹೊತ್ತಿಗೆ 35 ದಾಟಿ ನಿಂತರೆ ಬಾಲ್ ಪೈಥಾನ್‌ನ ಜೀವಕ್ಕೇ ಅಪಾಯ. ನಮ್ಮ ಪ್ರಶ್ನೆ "ಬಿಸಿ ಹೇಗೆ ತೆಗೆಯೋದು" ಅನ್ನೋದು.

ಹಾಗಾದ್ರೆ ಎಂತ ಮಾಡ್ಬೇಕು? ಮೊದಲು ಅಳತೆ. ತಂತಿ ಇರೋ ಡಿಜಿಟಲ್ ಥರ್ಮಾಮೀಟರ್ ತಗೊಂಡು ಪ್ರತಿ ಮಹಡಿಯ ಎರಡೂ ತುದಿಯಲ್ಲಿ ಅಳೀರಿ. ಬೆಳಿಗ್ಗೆ 6ಕ್ಕೆ, ಮಧ್ಯಾಹ್ನ 3ಕ್ಕೆ, ರಾತ್ರಿ 9ಕ್ಕೆ. ಮೂರು ದಿನ ಮೊಬೈಲಲ್ಲಿ ಬರೆದಿಡಿ. ಕೈ ಇಟ್ಟು ನೋಡಿ "ಪರ್ವಾಗಿಲ್ಲ" ಅನ್ಬೇಡಿ, ಕೈಗೆ 33ಕ್ಕೂ 36ಕ್ಕೂ ವ್ಯತ್ಯಾಸ ಸರಿಯಾಗಿ ಗೊತ್ತಾಗೋದಿಲ್ಲ.

ಎರಡನೇದು ಜಾಗ. ರ‍್ಯಾಕ್ ನೆಲಮಹಡಿಯ ಒಳಕೋಣೆಯಲ್ಲಿರಲಿ. ಪಡುವಣ ಗೋಡೆಗೆ ಒರಗಿಸಬೇಡಿ, ಸಂಜೆ ಬಿಸಿಲಿಗೆ ಆ ಗೋಡೆಯೇ ಒಂದು ಹೀಟರ್. ಶೀಟ್ ಮಾಡಿನ ಕೋಣೆ, ತಾರಸಿ ಕೆಳಗಿನ ಕೋಣೆ ಬೇಡವೇ ಬೇಡ.

ಮೂರನೇದು ಅಂತರ. ಪೆಟ್ಟಿಗೆ ಮೇಲೆ ಪೆಟ್ಟಿಗೆ ನೇರವಾಗಿ ಕೂರಿಸಬೇಡಿ. ಮಧ್ಯೆ ಕನಿಷ್ಠ ನಾಲ್ಕು ಬೆರಳಿನಷ್ಟು ಜಾಗ ಬಿಡಿ, ಹಿಂಬದಿ ತೆರೆದಿರಲಿ, ಗಾಳಿ ಆಡಲಿ. ಬಲ್ಬ್ ಇರೋ ಕಡೆ ಶಾಖ ತಡೆಯೋ ಹಲಗೆ ಹಾಕಿ. ಥರ್ಮೋಕೋಲ್ ಬಲ್ಬಿನ ಹತ್ತಿರ ಇಡಬೇಡಿ, ಬೆಂಕಿ ಹಿಡಿಯುತ್ತೆ. ನಿಂತ ಗಾಳಿ ಶಾಖವನ್ನು ತಡೆಯುತ್ತೆ ಅನ್ನೋದು ಹೊಸ ವಿದ್ಯೆಯೇನಲ್ಲ. ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗೋ ದಾರಿಯಲ್ಲಿ ವಾಮಂಜೂರಿನ ಹತ್ತಿರ ಪಿಲಿಕುಳ ಇದೆಯಲ್ಲ, ಅಲ್ಲಿ ಕಾಳಿಂಗ ಸರ್ಪಗಳು ಮರಿ ಮಾಡಿವೆ. ಕಾಡಲ್ಲಿ ತಾಯಿ ಕಾಳಿಂಗ ತರಗೆಲೆ ರಾಶಿ ಹಾಕಿ ಗೂಡು ಕಟ್ಟುತ್ತೆ. ಎಲೆಗಳ ಮಧ್ಯೆ ಸಿಕ್ಕಿಕೊಂಡ ಗಾಳಿ ಮೊಟ್ಟೆಗಳಿಗೆ ಹೊರಗಿನ ಬಿಸಿ ಚಳಿ ಥಟ್ಟನೆ ತಾಗದ ಹಾಗೆ ನೋಡಿಕೊಳ್ಳುತ್ತೆ.

ನಾಲ್ಕನೇದು ಜೋಡಣೆ. ಎಲ್ಲಾ ಪೆಟ್ಟಿಗೆಗಳ ಬಿಸಿ ತುದಿ ಒಂದೇ ಕಡೆ ಬರಲಿ. ಬಿಸಿಯ ಮೇಲೆ ಬಿಸಿ, ತಂಪಿನ ಮೇಲೆ ತಂಪು. ಎಡಬಲ ಅದಲುಬದಲು ಆದ್ರೆ ಕೆಳಗಿನವನ ಬಲ್ಬ್ ಮೇಲಿನವನ ತಂಪು ತುದಿಯನ್ನು ನುಂಗಿಬಿಡುತ್ತೆ. ಜಾಸ್ತಿ ಬಿಸಿ ಬೇಕಾದ ಬಿಯರ್ಡೆಡ್ ಡ್ರ್ಯಾಗನ್ ಮೇಲೆ, ತಂಪು ಇಷ್ಟಪಡೋ ಕಾರ್ನ್ ಸ್ನೇಕ್ ಕೆಳಗೆ.

ಐದನೇದು ಥರ್ಮೋಸ್ಟಾಟ್. ಮಹಡಿಗೊಂದು ಬೇಕು. ಸದ್ಯಕ್ಕೆ ಒಂದೇ ಇದೆ ಅಂದ್ರೆ ಅದರ ಸೆನ್ಸರ್ ಅತಿ ಬಿಸಿಯಾಗೋ ಮಹಡಿಯಲ್ಲಿರಲಿ. ಕೆಳಗಿನವನಿಗೆ ಒಂದೆರಡು ಡಿಗ್ರಿ ಕಡಿಮೆ ಆಗಬಹುದು, ನಮ್ಮೂರಿನಲ್ಲಿ ಅದರಿಂದ ಸಾಯೋದಿಲ್ಲ. ಸೆನ್ಸರ್ ಕೆಳಗಿಟ್ಟರೆ ಮೇಲಿನವನು ಬೇಯ್ತಾನೆ. ಹೀಟ್ ಮ್ಯಾಟ್ ಅಂತೂ ಥರ್ಮೋಸ್ಟಾಟ್ ಇಲ್ಲದೆ ಹಾಕಲೇಬೇಡಿ. ನೆಲ ಸುಡ್ತಾ ಇದ್ರೂ ಹಾವು ಅಲ್ಲೇ ಮಲಗಿ ಹೊಟ್ಟೆ ಸುಟ್ಟುಕೊಳ್ಳೋದುಂಟು.

ಈಗ ಎಲ್ಲರೂ ಮಾಡೋ ತಪ್ಪು. "ಫ್ಯಾನ್ ಹಾಕಿದ್ದೇನೆ, ತೊಂದರೆ ಇಲ್ಲ." ಫ್ಯಾನ್ ನಮಗೆ ತಂಪು ಕೊಡೋದು ಬೆವರು ಆರೋದ್ರಿಂದ. ಹಾವು ಬೆವರೋದಿಲ್ಲ! ಮುಚ್ಚಿದ ಕೋಣೆಯಲ್ಲಿ ಫ್ಯಾನ್ ತಿರುಗಿದ್ರೆ ಅದಕ್ಕೆ ಸಿಗೋದು ಅದೇ 34 ಡಿಗ್ರಿಯ ಗಾಳಿ. ಕಿಟಕಿ ತೆರೆದು ಹೊರಗಿನ ತಂಪು ಗಾಳಿ ಒಳಗೆ ತಂದ್ರೆ ಮಾತ್ರ ಪ್ರಯೋಜನ, ಅದು ಹೆಚ್ಚಾಗಿ ರಾತ್ರಿ ಮತ್ತು ಮುಂಜಾನೆ. ಒದ್ದೆ ಬಟ್ಟೆ ಹೊದಿಸೋ ಉಪಾಯ ಕಲಬುರಗಿಯ ಒಣ ಹವೆಯಲ್ಲಿ ನಡೆದಷ್ಟು ನಮ್ಮ ಕರಾವಳಿಯಲ್ಲಿ ನಡೆಯೋದಿಲ್ಲ. ಇಲ್ಲಿ ಗಾಳಿಯಲ್ಲೇ ನೀರಿದೆ, ಬಟ್ಟೆ ಬೇಗ ಆರೋದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಹಗಲು ಹೀಟರ್ ಆಫ್ ಮಾಡಿ. ಆಗಲೂ ತಂಪು ತುದಿ 30ರ ಕೆಳಗೆ ಇಳಿಯದಿದ್ರೆ ಮೇಲಿನ ಪೆಟ್ಟಿಗೆಯನ್ನು ನೆಲಕ್ಕಿಳಿಸಿ. ಅದೂ ಸಾಲದಿದ್ರೆ ಎಸಿ ಬೇಕು, ಬೇರೆ ದಾರಿ ಇಲ್ಲ.

ಪ್ರಾಣಿಯೂ ಹೇಳುತ್ತೆ. ಹಾವು ನೀರಿನ ಬಟ್ಟಲಲ್ಲೇ ದಿನಗಟ್ಟಲೆ ಕೂತಿದ್ರೆ, ಗಾಜಿಗೆ ಮೂತಿ ಉಜ್ಜುತ್ತಾ ಇದ್ರೆ, ಬಾಯಿ ತೆರೆದು ಉಸಿರಾಡ್ತಾ ಇದ್ರೆ ಮೊದಲು ಥರ್ಮಾಮೀಟರ್ ನೋಡಿ. ಬಿಸಿಗೆ ಸೋತು ಬಿದ್ದಿದ್ರೆ ಐಸ್ ನೀರು ಹಾಕ್ಬೇಡಿ. ತಂಪು ಕೋಣೆಗೆ ಒಯ್ದು, ಕೋಣೆಯ ಬಿಸಿಗಿಂತ ಸ್ವಲ್ಪ ತಣ್ಣಗಿರೋ ನೀರಲ್ಲಿ ತಲೆ ಮುಳುಗದ ಹಾಗೆ ಇಟ್ಟು, ಪಶುವೈದ್ಯರಿಗೆ ಫೋನ್ ಮಾಡಿ.

ಕೊನೆಗೆ ಒಂದು ಮಾತು. ಮೂರು ಪೆಟ್ಟಿಗೆ ಇಡಲು ಜಾಗ ಇದೆ ಅಂದ್ರೆ ಮೂರು ಪ್ರಾಣಿಗೆ ತಂಪು ಇದೆ ಅಂತ ಅರ್ಥ ಅಲ್ಲ. ಹೊಸದೊಂದು ಪೆಟ್ಟಿಗೆ ತರೋ ಮೊದಲು ಖಾಲಿ ಪೆಟ್ಟಿಗೆಯನ್ನೇ ಮೇಲಿಟ್ಟು, ಒಂದು ಏಪ್ರಿಲ್ ಮಧ್ಯಾಹ್ನ ಅದರ ತಂಪು ತುದಿ ಎಷ್ಟು ಡಿಗ್ರಿ ತೋರಿಸುತ್ತೆ ನೋಡಿ. ಆಮೇಲೆ ತೀರ್ಮಾನ ಮಾಡಿ.