ಕ್ಷೇಮ ಕೇಳುವ ಮಾತು ನೋವಾಗದಿರಲಿ

ಮಾತು ಹೇಗಿರಬೇಕೆಂಬುದನ್ನು ಬಸವಣ್ಣನವರು ತಮ್ಮ ವಚನದಲ್ಲಿ ಮುತ್ತು, ಮಾಣಿಕ್ಯ, ಸ್ಫಟಿಕಗಳ ಉಪಮಾನದಿಂದ ತಿಳಿಸಿರುವುದು ನಮ್ಮ ಓದುಗರೆಲ್ಲರಿಗೂ ಪರಿಚಿತವಾದುದೇ. ಅದನ್ನು ನಾವು ಸಾಮಾನ್ಯವಾಗಿ ನೀತಿಯ ಪಾಠವೆಂದು ಓದುತ್ತೇವೆ. ಅದು ಆರೋಗ್ಯದ ಪಾಠವೂ ಹೌದು. ಕ್ಷೇಮ ಸಮಾಚಾರದ ಹೆಸರಿನಲ್ಲಿ ದಿನನಿತ್ಯ ನಾವು ಕೇಳುವ ಕೆಲವು ಪ್ರಶ್ನೆಗಳು, ರೋಗಗಳಿಗೆ ನಾವು ಇಡುವ ಕೆಲವು ತಪ್ಪು ಹೆಸರುಗಳು ರೋಗಿಯನ್ನು ವೈದ್ಯರಿಂದ ದೂರ ಮಾಡುತ್ತಿವೆ.

ಬೆಳಗೋಡು ಹೋಬಳಿಯಲ್ಲಾಗಲಿ, ನೆರೆಯ ಆಲೂರು ಸೀಮೆಯಲ್ಲಾಗಲಿ ಪರಸ್ಪರ ವಿಚಾರಿಸಿಕೊಳ್ಳುವುದು ಬದುಕಿನ ಅಗತ್ಯದಿಂದಲೇ ಬಂದ ರೂಢಿ. ಗದ್ದೆ, ಕಾಫಿ ತೋಟಗಳ ನಡುವೆ ಮನೆಗಳು ಒಂದರಿಂದೊಂದು ದೂರ. ಮಳೆಗಾಲದಲ್ಲಿ ಮರ ಉರುಳಿ ರಸ್ತೆ ಕಟ್ಟಿದರೆ, ದಿನಗಟ್ಟಲೆ ಕರೆಂಟು ಹೋದರೆ ನೆರೆಮನೆಯವರೇ ದಿಕ್ಕು. ಆದ್ದರಿಂದ ಯಾರ ಗೊಡವೆಯೂ ನಮಗೆ ಬೇಡವೆಂಬ ನಿರ್ಲಿಪ್ತಿಯನ್ನು ನಾವು ಇಲ್ಲಿ ಬೋಧಿಸುತ್ತಿಲ್ಲ. ಕೇಳುವ ಬಗೆಯನ್ನು ತಿದ್ದಿಕೊಳ್ಳೋಣ ಎಂಬುದಷ್ಟೇ ನಮ್ಮ ವಿನಂತಿ.

"ಏನಾದರೂ ವಿಶೇಷ ಉಂಟೇ?"

ಮದುವೆಯಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ ಹೆಣ್ಣುಮಗಳನ್ನು ಈ ಪ್ರಶ್ನೆ ಬೆನ್ನಟ್ಟುತ್ತದೆ. ಬಸ್ಸಿನಲ್ಲಿ, ಸಂತೆಯಲ್ಲಿ, ಗೃಹಪ್ರವೇಶದ ಪಂಕ್ತಿಯಲ್ಲಿ ಎಲ್ಲರ ಮುಂದೆಯೇ ಕೇಳುವವರಿದ್ದಾರೆ. ಎರಡು ವರ್ಷ ಕಳೆದರೆ "ಯಾರಲ್ಲಿ ದೋಷವಂತೆ?" ಎಂಬಲ್ಲಿಗೆ ಮಾತು ಬೆಳೆಯುತ್ತದೆ. ಕೇಳುವವರಿಗೆ ಅದು ಒಂದು ಕ್ಷಣದ ಮಾತು. ಕೇಳಿಸಿಕೊಳ್ಳುವವಳಿಗೆ ಅದು ಆ ವಾರದಲ್ಲಿ ಹತ್ತನೆಯ ಸಲ.

ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬದುಕಿನ ಯಾವುದಾದರೊಂದು ಹಂತದಲ್ಲಿ ಬಂಜೆತನದ ತೊಂದರೆಯನ್ನು ಅನುಭವಿಸುತ್ತಾರೆ. ಇದು ಗಂಡಸಿಗೂ ಹೆಂಗಸಿಗೂ ಬರಬಹುದಾದ ಆರೋಗ್ಯ ಸಮಸ್ಯೆ. ನಮ್ಮ ಭಾಷೆಯಾದರೋ "ಬಂಜೆ" ಎಂಬ ಪದವನ್ನು ಹೆಣ್ಣಿಗೆ ಮಾತ್ರ ಮೀಸಲಿಟ್ಟಿದೆ. ಪದದಲ್ಲಿರುವ ಈ ಪಕ್ಷಪಾತ ಚಿಕಿತ್ಸೆಗೂ ಇಳಿಯುತ್ತದೆ. ಹೆಂಡತಿಯನ್ನು ವೈದ್ಯರಿಂದ ವೈದ್ಯರಿಗೆ, ಹರಕೆಯಿಂದ ಹರಕೆಗೆ ಅಲೆಸುತ್ತಾರೆ. ಗಂಡನಿಗೆ ಆಗಬೇಕಾದ ಸರಳವಾದ ವೀರ್ಯ ಪರೀಕ್ಷೆ ವರ್ಷಗಟ್ಟಲೆ ನಡೆಯುವುದೇ ಇಲ್ಲ. ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆಂಬುದನ್ನು ನೆನೆದರೆ ಈ ವಿಳಂಬ ಎಷ್ಟು ದುಬಾರಿಯೆಂದು ತಿಳಿಯುತ್ತದೆ. ಒಂದು ವರ್ಷ ಕಾದರೂ ಗರ್ಭ ನಿಲ್ಲದಿದ್ದರೆ, ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಟ್ಟಿಗೆ ತಜ್ಞರನ್ನು ಕಾಣುವುದು ಸರಿಯಾದ ಕ್ರಮ.

ಗರ್ಭಪಾತದ ದುಃಖ ಇನ್ನೂ ಸೂಕ್ಷ್ಮವಾದದ್ದು. ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳಲ್ಲಿ ಹೀಗಾದಾಗ ಭ್ರೂಣದ ವರ್ಣತಂತುಗಳ ದೋಷವೇ ಬಹುಪಾಲು ಕಾರಣ. ಆದರೂ "ಬಸ್ಸಿನಲ್ಲಿ ಹೋಗಿದ್ದೆಯಾ?", "ಪರಂಗಿ ತಿಂದೆಯಾ?", "ಭಾರ ಎತ್ತಿದೆಯಾ?" ಎಂದು ತಾಯಿಯನ್ನೇ ವಿಚಾರಣೆಗೆ ನಿಲ್ಲಿಸುತ್ತೇವೆ. ನೊಂದವಳಿಗೆ ಆಗ ಬೇಕಾದದ್ದು ವಿಶ್ರಾಂತಿ, ಬಿಸಿ ಊಟ ಮತ್ತು "ನಿನ್ನ ತಪ್ಪಲ್ಲ ಮಗಳೇ" ಎಂಬ ಒಂದು ಮಾತು.

ಹಾಸಿಗೆಯ ಬದಿಯ ಮಾತು

ರೋಗಿಯನ್ನು ನೋಡಲು ಹೋಗುವುದು ಸತ್ಕಾರ್ಯ. ಆದರೆ ಅಲ್ಲಿ ಕುಳಿತು "ನಮ್ಮ ದೊಡ್ಡಪ್ಪನಿಗೂ ಇದೇ ಆಗಿತ್ತು, ಮೂರೇ ತಿಂಗಳು" ಎನ್ನುವುದು ರೋಗಿಯ ಧೈರ್ಯವನ್ನು ಕಸಿದುಕೊಳ್ಳುತ್ತದೆ. "ಎಷ್ಟು ಇಳಿದುಹೋಗಿದ್ದೀರಿ!" ಎಂಬ ಉದ್ಗಾರ, "ಆ ಡಾಕ್ಟರ ಹತ್ತಿರ ಏಕೆ ಹೋದಿರಿ?" ಎಂಬ ಆಕ್ಷೇಪ, "ಈ ಮಾತ್ರೆಯೆಲ್ಲ ಉಷ್ಣ, ನಿಲ್ಲಿಸಿ" ಎಂಬ ಸಲಹೆ ಇವೂ ಅದೇ ಸಾಲಿಗೆ ಸೇರಿದವು.

ಕ್ಷಯರೋಗದ ವಿಷಯದಲ್ಲಿ ಇಂತಹ ಮಾತಿನ ಪರಿಣಾಮ ನೇರವಾದುದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಸರಿಯಾಗಿ ತೆಗೆದುಕೊಂಡರೆ ಕೆಲವೇ ವಾರಗಳಲ್ಲಿ ಇತರರಿಗೆ ಹರಡುವ ಶಕ್ತಿ ಕುಗ್ಗುತ್ತದೆ. ತಟ್ಟೆ ಲೋಟಗಳಿಂದ ಅದು ಹರಡದು. ಚಿಕಿತ್ಸೆ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನೆರವೂ ಉಂಟು. ಇಷ್ಟೆಲ್ಲ ಇದ್ದೂ "ಆ ಮನೆಯಲ್ಲಿ ಕೆಮ್ಮಿನ ಕಾಯಿಲೆಯಂತೆ, ಹೆಣ್ಣು ತರುವುದು ಹೇಗೆ?" ಎಂಬ ಪಿಸುಮಾತಿಗೆ ಅಂಜಿ ಔಷಧಿಯನ್ನು ಮುಚ್ಚಿಟ್ಟು ನುಂಗುವವರು, ಕಡೆಗೆ ನಡುವೆಯೇ ಬಿಡುವವರು ಇದ್ದಾರೆ. ನಡುವೆ ಬಿಟ್ಟ ಕ್ಷಯ ಔಷಧಿಗೆ ಬಗ್ಗದ ಕ್ಷಯವಾಗಿ ಮರಳಬಹುದು. ಆಗ ಅಪಾಯ ಪಿಸುಗುಟ್ಟಿದವರ ಮನೆಗೂ ತಪ್ಪಿದ್ದಲ್ಲ.

ತಪ್ಪು ಹೆಸರಿನ ಅಪಾಯ

ಪ್ರಶ್ನೆಗಳಂತೆಯೇ ಪದಗಳೂ ಕೆಡುಕು ಮಾಡಬಲ್ಲವು. ನಮ್ಮ ಸೀಮೆಯಲ್ಲಿ ಅತ್ಯಂತ ಅಪಾಯಕಾರಿಯಾದ ಪದ "ಗ್ಯಾಸ್ಟ್ರಿಕ್". ಹೊಟ್ಟೆಯುಬ್ಬರ, ಎದೆಯುರಿ, ಬೆನ್ನುನೋವು, ಎದೆನೋವು ಎಲ್ಲಕ್ಕೂ ಒಂದೇ ಹೆಸರು. 2025ರ ಮೇ, ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟರೆಂದು ವರದಿಯಾದಾಗ ನಾಡೆಲ್ಲ ಕಳವಳಗೊಂಡಿತು. ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಆ ದಿನಗಳಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಿಂದಲೇ ಜನ ಸಾಲುಗಟ್ಟಿದ್ದನ್ನು ಓದುಗರು ಮರೆತಿರಲಾರರು. ಆ ಭೀತಿ ಈಗ ತಣ್ಣಗಾಗಿದೆ; "ಗ್ಯಾಸ್ಟ್ರಿಕ್" ಎಂಬ ಪದ ಮಾತ್ರ ನಮ್ಮ ನಾಲಗೆಯ ಮೇಲೆ ಹಾಗೆಯೇ ಉಳಿದಿದೆ.

ಎದೆಯ ನಡುವೆ ಒತ್ತಿದಂತೆ, ಬಿಗಿದಂತೆ ನೋವು. ಅದು ಎಡಗೈಗೆ, ಕುತ್ತಿಗೆಗೆ, ದವಡೆಗೆ ಹರಿಯುವುದು. ತಣ್ಣನೆಯ ಬೆವರು, ಏದುಸಿರು - ಇವುಗಳಲ್ಲಿ ಯಾವುದಿದ್ದರೂ ಸೋಡಾ, ಜೀರಿಗೆ ಕಷಾಯಗಳಲ್ಲಿ ಕಾಲ ಕಳೆಯಬಾರದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವು ಅಷ್ಟು ಸ್ಪಷ್ಟವಾಗಿಲ್ಲದೆ ಬರಿಯ ಸುಸ್ತು, ವಾಕರಿಕೆಯಾಗಿಯೂ ಕಾಣಿಸಬಹುದು. 108ಕ್ಕೆ ಕರೆಮಾಡಿ ಕೂಡಲೇ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಅಗತ್ಯವಿದ್ದವರಿಗೆ ಉಚಿತವಾಗಿ ನೀಡುವ ವ್ಯವಸ್ಥೆಯಾಗಿದೆ. "ಗ್ಯಾಸ್ಟ್ರಿಕ್ ಇರಬೇಕು, ಮಲಗಿ" ಎನ್ನುವ ನೆರೆಯವರ ಸಮಾಧಾನದ ಮಾತು ಆ ಚುಚ್ಚುಮದ್ದಿನ ಹೊತ್ತನ್ನು ಮೀರಿಸಿಬಿಡಬಹುದು.

ಇನ್ನೆರಡು ತಪ್ಪುಗಳನ್ನು ಚಿಕ್ಕದಾಗಿ ಹೇಳುತ್ತೇವೆ. "ನನಗೆ ಬಿಪಿ ಇಲ್ಲ" ಎನ್ನುವವರುಂಟು. ರಕ್ತದೊತ್ತಡ ಬದುಕಿರುವವರೆಲ್ಲರಿಗೂ ಇರುತ್ತದೆ. ಅದು ಹೆಚ್ಚಿದೆಯೇ ಎಂಬುದೇ ಪ್ರಶ್ನೆ, ಅಳೆದಲ್ಲದೆ ಅದು ತಿಳಿಯದು. ಹಾಗೆಯೇ ಪರೀಕ್ಷೆಯ ವರದಿ "ಪಾಸಿಟಿವ್" ಎಂದರೆ ಒಳ್ಳೆಯ ಸುದ್ದಿಯೆಂದು ತಿಳಿದು ನಿಶ್ಚಿಂತರಾಗುವವರಿದ್ದಾರೆ. ಹುಡುಕಿದ ರೋಗ ಸಿಕ್ಕಿದೆಯೆಂಬುದು ಅದರ ಅರ್ಥ. ಅರ್ಥವಾಗದ ಪದವನ್ನು ವೈದ್ಯರಲ್ಲಿಯೇ ಕೇಳಿ ತಿಳಿಯುವುದು ಅವಮಾನವಲ್ಲ.

ಮನಸ್ಸಿನ ನೋವಿನ ಮುಂದೆ

"ಮೆಂಟಲ್", "ತಲೆಕೆಟ್ಟವನು" ಎಂಬ ಮಾತುಗಳು ನಮ್ಮಲ್ಲಿ ತಮಾಷೆಯಾಗಿ ಬಳಕೆಯಾಗುತ್ತವೆ. ಅದೇ ಮನೆಯಲ್ಲಿ ನಿದ್ದೆಗೆಟ್ಟು, ಊಟ ಬಿಟ್ಟು ಕುಳಿತವರೊಬ್ಬರು ಆ ತಮಾಷೆಯನ್ನು ಕೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ. "ನಿನಗೇನು ಕಡಿಮೆಯಾಗಿದೆ?", "ಮನಸ್ಸು ಗಟ್ಟಿ ಮಾಡಿಕೋ" ಎಂಬ ಮಾತುಗಳಿಂದ ಖಿನ್ನತೆ ಕರಗದು, ಕಾಲು ಮುರಿದವರಿಗೆ ಗಟ್ಟಿಯಾಗಿ ನಡೆಯೆಂದಷ್ಟೇ ಆದೀತು.

ಆತ್ಮಹತ್ಯೆ ನಡೆದ ಮನೆಯಲ್ಲಿ ನಮ್ಮ ಪ್ರಶ್ನೆಗಳು ಎಲ್ಲೆ ಮೀರುತ್ತವೆ. "ಏನು ಕುಡಿದ? ಸಾಲ ಎಷ್ಟಿತ್ತು? ಹೆಂಡತಿಯೊಡನೆ ಜಗಳವೇ?" ಇಂತಹ ಮನೆಯಲ್ಲಿ ಕೈ ಹಿಡಿದು ಸುಮ್ಮನೆ ಕುಳಿತುಕೊಳ್ಳುವುದೇ ಸಾಂತ್ವನ. ಪ್ರಯತ್ನಿಸಿ ಬದುಕಿದವರನ್ನು ಅಪರಾಧಿಯಂತೆ ಕಾಣುವುದೂ ಸಲ್ಲದು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಅಂತಹವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ.

ಆದರೆ ನಾವು ಕೇಳದೆ ಬಿಡುವ, ಕೇಳಲೇಬೇಕಾದ ಪ್ರಶ್ನೆಯೊಂದಿದೆ. ನಮ್ಮವರೊಬ್ಬರು "ಇನ್ನು ನಾನಿದ್ದು ಏನು ಪ್ರಯೋಜನ" ಎನ್ನತೊಡಗಿದರೆ, ಒಬ್ಬರೇ ಇರುವಾಗ ಹತ್ತಿರ ಕುಳಿತು, "ಸಾಯಬೇಕೆಂದು ಅನ್ನಿಸುತ್ತಿದೆಯೇ?" ಎಂದು ಮೆಲ್ಲಗೆ, ನೇರವಾಗಿ ಕೇಳಬೇಕು. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗಿನ ಭಾರ ಇಳಿಸಲು ದಾರಿಯಾಗುತ್ತದೆಂದು ಮನೋವೈದ್ಯರು ಹೇಳುತ್ತಾರೆ. ಹೌದೆಂದರೆ ಅವರನ್ನು ಒಂಟಿಯಾಗಿ ಬಿಡದೆ, ತೋಟದ ಕ್ರಿಮಿನಾಶಕಗಳನ್ನು ಕೈಗೆ ಸಿಗದಂತೆ ಬೀಗ ಹಾಕಿಟ್ಟು, ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕೇಳುವ ಬಗೆ

ಒಂದು ಪ್ರಶ್ನೆ ಕೇಳುವ ಮುನ್ನ ಇದರ ಉತ್ತರದಿಂದ ನಾನು ಅವರಿಗೆ ಏನಾದರೂ ಮಾಡಬಲ್ಲೆನೇ ಎಂದು ಯೋಚಿಸುವುದು ಒಳ್ಳೆಯದು. ಮಾಡಬಲ್ಲೆವಾದರೆ ಅದನ್ನೇ ಕೇಳೋಣ: "ಆಸ್ಪತ್ರೆಗೆ ಜೊತೆಗೆ ಬರಲೇ?" "ಎರಡು ದಿನ ಹಸುಗಳನ್ನು ನೋಡಿಕೊಳ್ಳಲೇ?" "ಮಕ್ಕಳಿಗೆ ಊಟ ಕಳುಹಿಸಲೇ?" ಏನೂ ಮಾಡಲಾಗದಿದ್ದರೆ "ಹೇಗಿದ್ದೀರಿ?" ಎಂಬಷ್ಟೇ ಸಾಕು, ಹೇಳಬೇಕೆನಿಸಿದ್ದನ್ನು ಅವರೇ ಹೇಳುತ್ತಾರೆ. ಹೇಳಿದ್ದನ್ನು ಮೂರನೆಯ ಮನೆಗೆ ಒಯ್ಯದಿರುವುದೂ ಆರೈಕೆಯ ಭಾಗವೇ.

ಪ್ರಶ್ನೆಗೆ ಸಿಕ್ಕಿಬಿದ್ದವರಿಗೂ ಒಂದು ಮಾತು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕಾದ ಋಣ ನಿಮಗಿಲ್ಲ. "ಕೇಳಿದ್ದು ಸಂತೋಷ ಅಕ್ಕ, ಹೇಳುವ ಹೊತ್ತು ಬಂದಾಗ ನಾನೇ ಹೇಳುತ್ತೇನೆ" ಎಂದು ನಕ್ಕು ಮಾತು ಬದಲಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ. ಮನೆಯ ಹಿರಿಯರು ಅಂಥ ಸಮಯದಲ್ಲಿ ಸೊಸೆಯ, ಮಗಳ ಪರವಾಗಿ ನಿಂತು "ಅದನ್ನು ಬಿಡಿ, ಊಟಕ್ಕೇಳಿ" ಎಂದರಂತೂ ಅದಕ್ಕಿಂತ ದೊಡ್ಡ ಔಷಧಿಯಿಲ್ಲ.