ಕಷ್ಟಕಾಲದ ಮನೆಯುದ್ಯೋಗ: ಸಾಲಕ್ಕಿಂತ ಲೆಕ್ಕ ದೊಡ್ಡದು



ಮಳೆ ಬಂದಾಗ ಬಿತ್ತುವುದು ಎಲ್ಲರಿಗೂ ಬರುತ್ತದೆ. ಮಳೆ ಕೈಕೊಟ್ಟ ವರ್ಷ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದರಲ್ಲಿ ಗೃಹಸ್ಥಾಶ್ರಮದ ನಿಜವಾದ ಪರೀಕ್ಷೆಯಿದೆ. ಬರಗಾಲ, ಬೆಲೆ ಕುಸಿತ, ರೋಗರುಜಿನ, ಪಟ್ಟಣದಲ್ಲಿ ಕೆಲಸ ತಪ್ಪುವುದು ಇವಾವುವೂ ಹೇಳಿ ಕೇಳಿ ಬರುವುದಿಲ್ಲ.

2020ರ ಮಾರ್ಚ್ 25ರಿಂದ ಇಡೀ ದೇಶವೇ ಬೀಗ ಹಾಕಿದ ಮನೆಯಂತಾದುದನ್ನು ತಾವೆಲ್ಲರೂ ಕಂಡಿದ್ದೀರಿ. ಆ ವರ್ಷದ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ದೇಶದ ಒಟ್ಟು ಉತ್ಪನ್ನವು ಹಿಂದಿನ ವರ್ಷದ ಅದೇ ಅವಧಿಗಿಂತ ಸುಮಾರು ಕಾಲುಭಾಗದಷ್ಟು ಕುಸಿಯಿತು. ಬೆಂಗಳೂರು, ಮುಂಬಯಿ, ಪುಣೆ, ಗೋವೆಗಳಿಗೆ ದುಡಿಯಲು ಹೋಗಿದ್ದ ಕಲಬುರಗಿ, ಯಾದಗಿರಿ, ವಿಜಯಪುರ ಸೀಮೆಯ ಮಕ್ಕಳು ಗಂಟುಮೂಟೆ ಹೊತ್ತು ಊರಿಗೆ ಮರಳಿದರು. ಗಂಡಸರ ಕೈ ಬರಿದಾದಾಗ ಅನೇಕ ಮನೆಗಳ ತಾಯಂದಿರು ಖಡಕ್ ರೊಟ್ಟಿ ಬಡಿದರು, ಶೇಂಗಾ ಚಟ್ನಿ ಕುಟ್ಟಿದರು, ಹಪ್ಪಳ ಸಂಡಿಗೆ ಮಾಡಿದರು, ಹೊಲಿಗೆಯಂತ್ರದ ಮುಂದೆ ಕುಳಿತರು. ಅವುಗಳಲ್ಲಿ ಕೆಲವು ಉದ್ಯೋಗಗಳು ಬೇರುಬಿಟ್ಟವು, ಕೆಲವು ಬಾಡಿಹೋದವು. ಹೀಗೇಕೆ ಎಂಬುದನ್ನು ವಿಚಾರ ಮಾಡಬೇಕು.

ಮಠಕ್ಕೆ ಬರುವ ಭಕ್ತರು ನಮ್ಮನ್ನು ಕೇಳುವುದುಂಟು: "ಅಪ್ಪಾರ, ಮನ್ಯಾಗ ರೊಟ್ಟಿ ಮಾಡಿ ಮಾರಬೇಕಂತ ಮಾಡೀವ್ರಿ. ಎಷ್ಟು ಸಾಲ ತಗೋಬೇಕ್ರಿ?" ನಾವು ಅವರಿಗೆ ತಿರುಗಿ ಕೇಳುವುದು ಇಷ್ಟೆ: "ಒಂದು ರೊಟ್ಟಿಗೆ ಎಷ್ಟು ಖರ್ಚು ಬೀಳತದ, ಲೆಕ್ಕ ಹಾಕೀರೇನು?" ಬಹಳ ಮಂದಿ ಸುಮ್ಮನಾಗುತ್ತಾರೆ. ಸಾಲದ ವಿಚಾರ ಮೊದಲು ಬಂದು ಲೆಕ್ಕದ ವಿಚಾರ ಕೊನೆಗೆ ಬಂದರೆ ಆ ಉದ್ಯೋಗಕ್ಕೆ ಬುನಾದಿ ಇಲ್ಲವೆಂದೇ ತಿಳಿಯಬೇಕು.

ಒಂದು ಲೆಕ್ಕವನ್ನು ನೋಡೋಣ. ನೂರು ರೊಟ್ಟಿಗೆ ಹಿಟ್ಟಿಗೆ 280 ರೂಪಾಯಿ, ಉರುವಲಿಗೆ 80, ಕಟ್ಟಿ ಕೊಡುವ ಚೀಲಕ್ಕೆ 40 ಎಂದಿಟ್ಟುಕೊಳ್ಳಿ. ಒಟ್ಟು 400. ಒಂದಕ್ಕೆ 5 ರೂಪಾಯಿಯಂತೆ ಮಾರಿದರೆ 500 ಬರುತ್ತದೆ. ನೂರು ರೂಪಾಯಿ ಲಾಭವಾಯಿತೆಂದು ಮನೆಯವರು ಹಿಗ್ಗುತ್ತಾರೆ. ಆದರೆ ಅತ್ತೆ ಸೊಸೆ ಇಬ್ಬರೂ ಅರ್ಧ ದಿನ ಹೊಗೆಯಲ್ಲಿ ಕುಳಿತ ದುಡಿಮೆ ಎಲ್ಲಿ ಹೋಯಿತು? ತಲಾ ಐವತ್ತು ರೂಪಾಯಿಯೂ ಉಳಿಯುವುದು ಕಷ್ಟ. ಹೆಣ್ಣುಮಕ್ಕಳ ದುಡಿಮೆಗೆ ಬೆಲೆಯಿಲ್ಲವೆಂದು ಲೆಕ್ಕದಿಂದ ಬಿಟ್ಟವರ ಉದ್ಯೋಗ, ಮೇಲೆ ಲಾಭ ತೋರಿ ಒಳಗೆ ಮನೆಯನ್ನೇ ತಿನ್ನುತ್ತದೆ. ಕೂಲಿಯನ್ನು ಮೊದಲು ಬರೆದು ಆಮೇಲೆ ದರ ಕಟ್ಟುವುದೇ ಧರ್ಮ.

ಮುಂಬಯಿಯ ಗಿರಗಾಂವದಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಗುಜರಾತಿ ಗೃಹಿಣಿಯರು ತಮ್ಮ ಕಟ್ಟಡದ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ಕುಳಿತರು. ಅವರ ಬಂಡವಾಳ ಸಾಲವಾಗಿ ತಂದ 80 ರೂಪಾಯಿ. ಮೊದಲ ದಿನ ತಯಾರಾದದ್ದು ನಾಲ್ಕು ಪೊಟ್ಟಣ. ಮೊದಲಿಗೆ ಅವರು ಮೇಲ್ದರ್ಜೆಯದೊಂದು, ಅಗ್ಗದ ದರಕ್ಕೆ ಕೆಳದರ್ಜೆಯದೊಂದು, ಹೀಗೆ ಎರಡು ಬಗೆ ಮಾಡುತ್ತಿದ್ದರು. ಸಾಲ ಕೊಟ್ಟ ಹಿರಿಯರಾದ ಛಗನ್‌ಲಾಲ್ ಕರಮಸಿ ಪಾರೇಖ್ ಅವರು, ಒಂದೇ ಗುಣಮಟ್ಟದ ಹಪ್ಪಳ ಮಾಡಿರಿ, ಲೆಕ್ಕವನ್ನು ಚೊಕ್ಕವಾಗಿ ಇಡಿರಿ ಎಂದು ಬುದ್ಧಿ ಹೇಳಿದರು. ಮೊದಲ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಅವರು ಒಂದು ಮಂಚ, ಒಂದು ಸ್ಟೋವ್ ಕೊಂಡರು. ಮಂಚದ ಮೇಲೆ ಹಪ್ಪಳ ಹರವಿ, ಕೆಳಗೆ ಸ್ಟೋವ್ ಉರಿಸಿ ಒಣಗಿಸಿದರು. ಅದೇ ಇಂದಿನ ಲಿಜ್ಜತ್ ಪಾಪಡ್ ಸಂಸ್ಥೆ. ಸಾವಿರಾರು ಹೆಣ್ಣುಮಕ್ಕಳಿಗೆ ಅದು ಅನ್ನದ ದಾರಿಯಾಗಿದೆ. ಆ ಏಳು ಮಂದಿಯಲ್ಲಿ ಒಬ್ಬರಾದ ಜಸ್ವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದಿತು.

ಅವರೂ ಸಾಲ ಮಾಡಿದರಲ್ಲ ಎಂದು ಕೇಳಬಹುದು. ನಿಜ. ಆದರೆ ಅವರ ಸಾಲ ಅವರ ಕೆಲಸದಷ್ಟೇ ಚಿಕ್ಕದಿತ್ತು. ಕೆಲಸ ಬೆಳೆದ ಮೇಲೆ ಸಾಮಾನು ಬೆಳೆಯಿತು. ನಮ್ಮ ಹಳ್ಳಿಗಳಲ್ಲಿ ಆಗುತ್ತಿರುವುದು ಇದಕ್ಕೆ ವಿರುದ್ಧ. ಒಂದು ಸಂಸ್ಥೆಯ ವಾರದ ಕಂತು ಕಟ್ಟಲು ಇನ್ನೊಂದು ಸಂಸ್ಥೆಯಿಂದ ಸಾಲ ತರುವ ಮನೆಗಳು ಎಷ್ಟೋ. ವಸೂಲಿಯವರ ಕಿರುಕುಳಕ್ಕೆ ಅಂಜಿ ಊರು ಬಿಟ್ಟವರಿದ್ದಾರೆ, ಪ್ರಾಣ ಬಿಟ್ಟವರೂ ಇದ್ದಾರೆ. ಇದನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾನೂನು ಕಿರುಕುಳವನ್ನು ತಡೆದೀತು, ಅಳತೆ ಮೀರಿದ ಸಾಲದ ಭಾರವನ್ನು ಹೊರಲಾರದು. ಆದುದರಿಂದ ಮೊದಲು ಮನೆಯಲ್ಲಿರುವ ಒಲೆ, ಹಂಚು, ಹೊಲಿಗೆಯಂತ್ರದಿಂದಲೇ ಆರಂಭಿಸಬೇಕು. ಗಿರಾಕಿ ನಿಂತ ಮೇಲೆ ಸ್ತ್ರೀಶಕ್ತಿ ಸಂಘದಿಂದಲೋ ಬ್ಯಾಂಕಿನಿಂದಲೋ ತಕ್ಕಷ್ಟು ಪಡೆಯಬೇಕು.

ಶರಣರ ಕಾಲದ ಆಯ್ದಕ್ಕಿ ಲಕ್ಕಮ್ಮನ ಕಥೆ ತಮಗೆ ಗೊತ್ತಿರುವುದೇ. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆ ತಾಯಿ ನೋಡಿದೊಡನೆಯೇ ಹೆಚ್ಚಳವನ್ನು ಗುರುತಿಸಿ, ತಂದಲ್ಲಿಗೇ ಹಾಕಿ ಬನ್ನಿ ಎಂದಳು. ಆಕೆಯ ನಿರಾಸೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆಕೆಯ ಕಣ್ಣಳತೆಯನ್ನೂ ಗಮನಿಸಬೇಕು. ತನ್ನ ಮನೆಗೆ ಎಷ್ಟು ಬೇಕು, ಎಷ್ಟು ಬಂತು ಎಂಬುದು ಅವಳಿಗೆ ತಿಳಿದಿತ್ತು. ಅದನ್ನು ತಿಳಿದವಳನ್ನು ಆಸೆಯೂ ಮೋಸಗೊಳಿಸದು, ಸಾಲವೂ ಮೋಸಗೊಳಿಸದು.

ಹಿರಿಯರಿಗೆ ಇನ್ನೆರಡು ಮಾತು. ಸೊಸೆ ಗಳಿಸಿದ ರೊಕ್ಕವನ್ನು ಮನೆಖರ್ಚಿನ ಡಬ್ಬಿಗೆ ಸುರಿಯದೆ ಬೇರೆ ಡಬ್ಬಿಯಲ್ಲಿ ಇಡಲು ಬಿಡಿ. ನಾಳಿನ ಹಿಟ್ಟು ಅದರಿಂದಲೇ ಬರಬೇಕು. ಬಂಧುಗಳೆಂದು ಉದ್ರಿ ಕೇಳಲು ಬಂದವರಿಗೆ ಇಲ್ಲವೆನ್ನುವ ನಿಷ್ಠುರವನ್ನು ಅವಳ ಮೇಲೆ ಹಾಕದೆ ತಾವೇ ಹೊತ್ತುಕೊಳ್ಳಿ. ಮಾರುವುದು ತಿನ್ನುವ ಪದಾರ್ಥವಾದರೆ ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ಹೆಸರು ನೋಂದಾಯಿಸುವುದನ್ನು ಮರೆಯಬೇಡಿ. ಮನೆಯಲ್ಲಿ ಮಾಡಿದ್ದೆಂದು ವಿನಾಯಿತಿ ಇಲ್ಲ.

ಹನಿ ಹನಿ ಕೂಡಿದರೆ ಹಳ್ಳ. ಆದರೆ ಕೊಡ ಸೋರುತ್ತಿದ್ದರೆ ಹಳ್ಳದ ನೀರೂ ಸಾಲದು. ಲೆಕ್ಕವೆಂಬುದು ಆ ಸೋರಿಕೆಯನ್ನು ತೋರಿಸುವ ದೀಪ. ಕಷ್ಟಕಾಲದಲ್ಲಿ ಕಾಯಕ ಕೈಗೊಂಡ ಪ್ರತಿ ಮನೆಯಲ್ಲೂ ಆ ದೀಪ ಬೆಳಗಲಿ, ದುಡಿದ ತಾಯಂದಿರ ಕೈಗೆ ದುಡಿಮೆಯ ಫಲ ಸೇರಲಿ ಎಂದು ಹಾರೈಸುತ್ತೇವೆ.

ಇತ್ಯಾಶೀರ್ವಾದಗಳು.