ಕರಗಿಹೋದ ಸಾಕ್ಷಿ

2008ರ ಜನವರಿ 17, ಮಧ್ಯಾಹ್ನ 12.42. ಬೀಜಿಂಗ್‌ನಿಂದ ಹೊರಟಿದ್ದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ವಿಮಾನ ಲಂಡನ್ನಿನ ಹೀಥ್ರೂ ನಿಲ್ದಾಣದಲ್ಲಿ ಇನ್ನೇನು ಇಳಿಯಬೇಕು. ನೆಲದಿಂದ ಸುಮಾರು 720 ಅಡಿ ಎತ್ತರದಲ್ಲಿ ಬಲ ಎಂಜಿನ್ ಸೊರಗಿತು. ಏಳು ಸೆಕೆಂಡು ಕಳೆಯುವಷ್ಟರಲ್ಲಿ ಎಡ ಎಂಜಿನ್ನಿನದೂ ಅದೇ ಕಥೆ. ಎರಡೂ ನಿಂತಿರಲಿಲ್ಲ. ತಿರುಗುತ್ತಲೇ ಇದ್ದವು, ಆದರೆ ಕೇಳಿದಷ್ಟು ಬಲ ಕೊಡಲಿಲ್ಲ. ವಿಮಾನ ಎ30 ಹೆದ್ದಾರಿಯನ್ನೂ ನಿಲ್ದಾಣದ ಬೇಲಿಯನ್ನೂ ಹೇಗೋ ದಾಟಿ, ರನ್‌ವೇಗೆ 330 ಮೀಟರ್ ಇರುವಾಗಲೇ ಹುಲ್ಲಿನ ಮೇಲೆ ಅಪ್ಪಳಿಸಿತು. ಒಳಗಿದ್ದ 152 ಜನರಲ್ಲಿ 47 ಮಂದಿಗೆ ಗಾಯವಾಯಿತು, ಒಬ್ಬರ ಕಾಲು ಮುರಿಯಿತು. ಜೀವ ಮಾತ್ರ ಒಂದೂ ಹೋಗಲಿಲ್ಲ.

ಸಂಜೆಯಾಗುವ ಮೊದಲೇ ಊಹೆಗಳು ಶುರುವಾದವು.

ಹೀಥ್ರೂವಿನ ಆ ತುದಿಯಲ್ಲೇ ಮರ್ಟಲ್ ಅವೆನ್ಯೂ ಎಂಬ ಪುಟ್ಟ ರಸ್ತೆಯಿದೆ. ಅದರ ಕೊನೆಯಲ್ಲಿರುವ ಹುಲ್ಲುಹಾಸು ಜಗತ್ತಿನ ವಿಮಾನಪ್ರಿಯರಿಗೆಲ್ಲ ಪುಣ್ಯಕ್ಷೇತ್ರವಿದ್ದಂತೆ. ದುರ್ಬೀನು, ಕ್ಯಾಮೆರಾ, ನೋಂದಣಿ ಸಂಖ್ಯೆ ಬರೆದುಕೊಳ್ಳುವ ಪುಸ್ತಕ ಹಿಡಿದು ಜನ ಅಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಇಂಥವರ ಲೋಕದಲ್ಲಿ ನಿವೃತ್ತ ಪೈಲಟ್‌ಗಳಿದ್ದಾರೆ, ಮೆಕ್ಯಾನಿಕ್‌ಗಳಿದ್ದಾರೆ, ವಿಮಾನದ ಕೈಪಿಡಿಯನ್ನು ಬಿಡದೆ ಓದಿದ ಶಾಲಾ ಹುಡುಗರೂ ಇದ್ದಾರೆ. ಇಷ್ಟು ಪ್ರೀತಿಯಿಂದ ಕಲಿತವರು ಒಂದು ಅವಘಡ ನಡೆದಾಗ ಸುಮ್ಮನಿರಲಿ ಎಂದರೆ ಇರಲಾರರು, ಇರಬೇಕಾಗಿಯೂ ಇಲ್ಲ.

ಅಂದು ಹೊರಟ ಊಹೆಗಳಲ್ಲಿ ಬಹಳಷ್ಟಕ್ಕೆ ತಕ್ಕ ಆಧಾರವೂ ಇತ್ತು. ಎರಡೂ ಎಂಜಿನ್ ಒಟ್ಟಿಗೆ ಕೈಕೊಟ್ಟವೆಂದರೆ ಇಂಧನ ಮುಗಿದಿರಬೇಕು ಎಂದರು ಕೆಲವರು. ಹಕ್ಕಿಗಳ ಹಿಂಡು ಎಂದರು ಇನ್ನು ಕೆಲವರು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ ಮೇಲೆ ಅನುಮಾನ ಪಟ್ಟವರಿದ್ದರು, ಚೀನಾದಲ್ಲಿ ತುಂಬಿಸಿದ ಇಂಧನ ಕಲಬೆರಕೆಯದೆಂದವರೂ ಇದ್ದರು. ಎಲ್ಲಕ್ಕಿಂತ ಹೆಚ್ಚು ಓಡಾಡಿದ್ದು ಬ್ರಿಟನ್ನಿನ ಅಂದಿನ ಪ್ರಧಾನಿಯ ಕಥೆ. ಚೀನಾ ಮತ್ತು ಭಾರತದ ಪ್ರವಾಸಕ್ಕೆ ಹೊರಟಿದ್ದ ಗಾರ್ಡನ್ ಬ್ರೌನ್ ಅವರ ವಾಹನಗಳ ಸಾಲು ಅದೇ ಹೊತ್ತಿಗೆ ಹೀಥ್ರೂ ತಲುಪುತ್ತಿತ್ತು. ಭದ್ರತೆಗಾಗಿ ಆ ವಾಹನಗಳಲ್ಲಿದ್ದ ಜಾಮರ್ ವಿಮಾನದ ಎಲೆಕ್ಟ್ರಾನಿಕ್ಸ್ ಕೆಡಿಸಿತು ಎಂಬುದು ವಾದ. ಕೊರೆಯುವ ಚಳಿಗೆ ಇಂಧನವೇ ಹೆಪ್ಪುಗಟ್ಟಿತು ಎಂದವರೂ ಇದ್ದರು.

ಬ್ರಿಟನ್ನಿನ ವಿಮಾನ ಅಪಘಾತ ತನಿಖಾ ಶಾಖೆ ಇವನ್ನೆಲ್ಲ ಒಂದೊಂದಾಗಿ ಜರಡಿ ಹಿಡಿಯಿತು. ಟ್ಯಾಂಕಿನಲ್ಲಿ ಹತ್ತು ಟನ್‌ಗೂ ಹೆಚ್ಚು ಇಂಧನ ಉಳಿದಿತ್ತು. ಹಕ್ಕಿ ಬಡಿದ ಗುರುತಿರಲಿಲ್ಲ. ವಿದ್ಯುತ್ಕಾಂತೀಯ ಅಡ್ಡಿಯ ಸುಳಿವೂ ಸಿಗಲಿಲ್ಲ. ಇಂಧನದ ಗುಣಮಟ್ಟ ಚೆನ್ನಾಗಿತ್ತು. ಅದು ಹೆಪ್ಪುಗಟ್ಟುವುದು ಮೈನಸ್ 57 ಡಿಗ್ರಿಯಲ್ಲಿ, ಟ್ಯಾಂಕಿನಲ್ಲಿ ದಾಖಲಾದ ಕನಿಷ್ಠ ಉಷ್ಣತೆ ಮೈನಸ್ 34. ಕಂಪ್ಯೂಟರ್‌ನದೂ ತಪ್ಪಿಲ್ಲ. ಇಂಧನ ಬೇಕೆಂದು ಅದು ಕವಾಟಗಳನ್ನು ಪೂರ್ತಿ ತೆರೆದಿತ್ತು, ಆದರೆ ಅಲ್ಲಿಗೆ ಇಂಧನವೇ ಸಾಕಷ್ಟು ಬರುತ್ತಿರಲಿಲ್ಲ. ಎರಡೂ ಎಂಜಿನ್ನುಗಳ ಪಂಪುಗಳಲ್ಲಿ ಹೊಸದಾಗಿ ಆದ ಸವೆತದ ಗುರುತುಗಳಿದ್ದವು. ಒಳಬರುವ ದಾರಿ ಕಟ್ಟಿಕೊಂಡು ಪಂಪು ಬಾಯಾರಿದಾಗ ಇಂಥ ಗುರುತು ಮೂಡುತ್ತದೆ.

ಹಾಗಾದರೆ ಕಟ್ಟಿಕೊಂಡದ್ದು ಏನು? ಪೈಪುಗಳನ್ನು ಬಿಚ್ಚಿ ನೋಡಿದರೆ ಒಳಗೆ ಏನೂ ಇರಲಿಲ್ಲ. ಸಾಕ್ಷಿ ಕರಗಿಹೋಗಿತ್ತು.

ವಿಮಾನದ ಇಂಧನದಲ್ಲಿ ನೀರಿನಂಶ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಸೈಬೀರಿಯಾ, ಉರಲ್ ಪರ್ವತಗಳ ಮೇಲೆ ಹಾರುವಾಗ ಹೊರಗಿನ ಚಳಿ ಮೈನಸ್ 70 ಡಿಗ್ರಿಗಿಂತಲೂ ಕೆಳಗೆ ಇಳಿದಿತ್ತು. ಎಂಜಿನ್ನುಗಳು ಹದವಾಗಿ ಓಡುತ್ತಿದ್ದುದರಿಂದ ಪೈಪಿನಲ್ಲಿ ಇಂಧನದ ಹರಿವು ನಿಧಾನ. ಆ ನೀರು ಮೆತ್ತನೆಯ ಮಂಜಾಗಿ ಪೈಪಿನ ಒಳಗೋಡೆಗೆ ಅಂಟುತ್ತಾ ಬಂತು. ಇಳಿಯುವ ಹೊತ್ತಿಗೆ ಎಂಜಿನ್ ಒಮ್ಮೆಲೇ ಹೆಚ್ಚು ಇಂಧನ ಕೇಳಿದಾಗ ರಭಸಕ್ಕೆ ಮಂಜೆಲ್ಲ ಕಿತ್ತುಬಂದು, ಬಿಸಿ ಎಣ್ಣೆಯಿಂದ ಇಂಧನವನ್ನು ಬೆಚ್ಚಗಾಗಿಸುವ ಉಪಕರಣದ ಬಾಯಿಗೆ ಮೆತ್ತಿಕೊಂಡಿತು. ಆ ಉಪಕರಣದಲ್ಲಿ ಸಾವಿರಕ್ಕೂ ಹೆಚ್ಚು ಸಣ್ಣ ಕೊಳವೆಗಳಿವೆ. ಅವುಗಳ ತುದಿಗಳು ತಟ್ಟೆಯಿಂದ ಸುಮಾರು ನಾಲ್ಕು ಮಿಲಿಮೀಟರ್ ಹೊರಚಾಚಿದ್ದವು. ಮಂಜು ಸಿಕ್ಕಿಕೊಳ್ಳಲು ಅಷ್ಟೇ ಸಾಕಾಯಿತು.

ಕಣ್ಣಿಗೆ ಕಾಣದ ಈ ಮಂಜನ್ನು ಪ್ರಯೋಗಾಲಯದಲ್ಲಿ ಮತ್ತೆ ಹುಟ್ಟಿಸಿ ನೋಡಬೇಕಾಯಿತು. ಒಂದು ಲಕ್ಷಕ್ಕೂ ಹೆಚ್ಚು ಹಾರಾಟಗಳ ದಾಖಲೆ ಜಾಲಾಡಿದಾಗ, ಇಷ್ಟು ತಣ್ಣನೆಯ ಇಂಧನ, ದಾರಿಯುದ್ದಕ್ಕೂ ಕಡಿಮೆ ಹರಿವು, ಕೊನೆಯಲ್ಲಿ ದಿಢೀರ್ ಬೇಡಿಕೆ, ಈ ಮೂರೂ ಕೂಡಿಬಂದದ್ದು ಆ ಹಾರಾಟದಲ್ಲಿ ಮಾತ್ರ ಎಂದು ಗೊತ್ತಾಯಿತು. ಅದೇ ವರ್ಷದ ನವೆಂಬರ್ 26ರಂದು ಶಾಂಘೈನಿಂದ ಅಟ್ಲಾಂಟಾಕ್ಕೆ ಹೊರಟಿದ್ದ ಡೆಲ್ಟಾ ಸಂಸ್ಥೆಯ 777ರ ಒಂದು ಎಂಜಿನ್ ಹೀಗೆಯೇ ಸೊರಗಿತು. ಅದು ಎತ್ತರದಲ್ಲಿತ್ತು. ಪೈಲಟ್‌ಗಳು ಎಂಜಿನ್ನಿನ ವೇಗ ಇಳಿಸಿದರು, ಹರಿವು ತಗ್ಗಿ ಮಂಜು ಕರಗಿತು, ಎಂಜಿನ್ ಚೇತರಿಸಿಕೊಂಡಿತು. ಹೀಥ್ರೂವಿನಲ್ಲಿ ಅದಕ್ಕೆ ಎತ್ತರವೂ ಇರಲಿಲ್ಲ, ಸಮಯವೂ ಇರಲಿಲ್ಲ.

ಚಳಿಯತ್ತ ಬೆರಳು ಮಾಡಿದ್ದ ಹವ್ಯಾಸಿಗಳು ಸತ್ಯದ ತೀರಾ ಹತ್ತಿರ ಬಂದಿದ್ದರು. ಹೆಪ್ಪುಗಟ್ಟಿದ್ದು ಇಂಧನವಲ್ಲ, ಅದರೊಳಗಿನ ನೀರು, ವ್ಯತ್ಯಾಸ ಇಷ್ಟೇ. ಇಂಥ ಊಹೆಯಿಂದ ಯಾರಿಗೂ ನಷ್ಟವಿಲ್ಲ. ಅದನ್ನು ಅಳೆಯಬಹುದು, ತಪ್ಪಾದರೆ ತಿದ್ದಿಕೊಳ್ಳಬಹುದು. ಮನುಷ್ಯನ ಮೇಲೆ ಹೊರಿಸಿದ ಊಹೆಯ ದಾರಿ ಬೇರೆ. ಅಂದಿನ ಕ್ಯಾಪ್ಟನ್ ಪೀಟರ್ ಬರ್ಕಿಲ್ ಆಪತ್ತಿನಲ್ಲಿ ಕೈಕಾಲು ಆಡದೆ ಕೂತುಬಿಟ್ಟರು ಎಂಬ ಗಾಳಿಮಾತು ಸಹೋದ್ಯೋಗಿಗಳ ನಡುವೆಯೇ ಹಬ್ಬಿತು. ನಡೆದದ್ದು ಅದರ ತದ್ವಿರುದ್ಧ. ವಿಮಾನ ಇಳಿಸುತ್ತಿದ್ದವರು ಸಹಪೈಲಟ್ ಜಾನ್ ಕವರ್ಡ್. ಬರ್ಕಿಲ್ ಆ ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆಗಳ ಫ್ಲ್ಯಾಪ್‌ಗಳನ್ನು 30ರಿಂದ 25ಕ್ಕೆ ಇಳಿಸಿ ಗಾಳಿಯ ಎಳೆತ ತಗ್ಗಿಸಿದ್ದರು. ಅದರಿಂದ ಸಿಕ್ಕಿದ್ದು ಸುಮಾರು 50 ಮೀಟರ್. ಅಷ್ಟೂ ಸಿಗದಿದ್ದರೆ ವಿಮಾನ ದಾರಿಯಲ್ಲಿದ್ದ ಆಂಟೆನಾಗಳಿಗೆ ಬಡಿದು ಇನ್ನೂ ಹೆಚ್ಚು ಜಖಂ ಆಗುವ ಸಂಭವವಿತ್ತು. ಈ ಮಾತು ಅಂತಿಮ ವರದಿಯಲ್ಲಿ ಬಂದದ್ದು 2010ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಬರ್ಕಿಲ್ ಕೆಲಸ ಬಿಟ್ಟಿದ್ದರು. ಮರಳಿ ಸೇರಿದ್ದು ವರದಿಯ ನಂತರ.

ಪೈಲಟ್‌ಗಳ ಮೇಲೆ ಹೊರಿಸುವ ಇಂಥ ಊಹೆಯನ್ನು ನಮ್ಮವರೂ ಕಂಡಿದ್ದಾರೆ. 2025ರ ಜೂನ್ 12ರಂದು ಅಹಮದಾಬಾದ್‌ನಲ್ಲಿ ಏರ್ ಇಂಡಿಯಾದ 787 ಬಿದ್ದು 260 ಜನ ಸತ್ತಾಗ, ಚಕ್ರ ಮಡಚುವ ಬದಲು ಪೈಲಟ್‌ಗಳು ಫ್ಲ್ಯಾಪ್ ಎತ್ತಿಬಿಟ್ಟರು ಎಂಬ ತೀರ್ಪು ವಿಡಿಯೊ ನೋಡಿದವರಿಂದ ಒಂದೆರಡು ದಿನದಲ್ಲೇ ಬಂತು. ತಿಂಗಳ ನಂತರದ ಪ್ರಾಥಮಿಕ ವರದಿಯ ಪ್ರಕಾರ ಫ್ಲ್ಯಾಪ್‌ನ ಸನ್ನೆ ಟೇಕಾಫ್‌ಗೆ ಬೇಕಾದ ಐದು ಡಿಗ್ರಿಯಲ್ಲೇ ಇತ್ತು. ಅಷ್ಟರಲ್ಲಿ ಆ ಪೈಲಟ್‌ಗಳ ಮನೆಯವರು ಅದೆಷ್ಟು ಮಾತು ಕೇಳಬೇಕಾಯಿತೋ.

ಪ್ರಾಥಮಿಕ ವರದಿಗೆ ಅಂತರರಾಷ್ಟ್ರೀಯ ನಿಯಮ ಕೊಡುವ ಗಡುವು 30 ದಿನ. ತನಿಖೆಯ ಉದ್ದೇಶ ಯಾರ ಮೇಲೂ ತಪ್ಪು ಹೊರಿಸುವುದಲ್ಲ, ಮುಂದಿನ ಅಪಘಾತ ತಡೆಯುವುದು ಎಂದೂ ಅದೇ ನಿಯಮ ಹೇಳುತ್ತದೆ. ಹೀಥ್ರೂವಿನ ತನಿಖೆ ಅದನ್ನು ಮಾಡಿತೋರಿಸಿತು: ಇಂಧನವನ್ನು ಬೆಚ್ಚಗಾಗಿಸುವ ಆ ಉಪಕರಣದ ವಿನ್ಯಾಸ ಬದಲಾಯಿತು, ಕೊಳವೆಗಳ ತುದಿಗಳನ್ನು ತಟ್ಟೆಗೆ ಸಮನಾಗಿಸಲಾಯಿತು. ಎಂಜಿನ್, ಕವಾಟ, ಹವಾಮಾನದ ಬಗ್ಗೆ ವಿಮಾನಪ್ರಿಯರು ಮೊದಲ ದಿನದಿಂದಲೇ ಧಾರಾಳವಾಗಿ ತರ್ಕಿಸಲಿ. ಪೈಲಟ್‌ನ ಹೆಸರು ಎತ್ತುವುದಕ್ಕಾದರೂ ಆ 30 ದಿನ ಕಾಯಲಿ.